ವಾಷರ್ ಅತ್ತೆಯ ಹನ್ನೊಂದು ಪುಟಗಳು

ವಾಷರ್ ಅತ್ತೆಯನ್ನು ಅತ್ತೆ ಎನ್ನಲು ನಿಜವಾದ ಹಕ್ಕಿರುವುದು ಒಬ್ಬಳಿಗೆ ಮಾತ್ರ, ಅವಳ ಅಣ್ಣನ ಮಗಳಿಗೆ. ಆದರೆ ಅಂಚೆಯವನು, ಪಕ್ಕದ ಕನ್ನಡಕದ ಅಂಗಡಿಯವನು, ಎದುರು ಮಹಡಿಯ ಹಲ್ಲಿನ ಡಾಕ್ಟರು, ಎಲ್ಲರೂ ಹಾಗೆಯೇ ಕರೆದು ಕರೆದು, ಈಗ ಬೇರೆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿ ನೋಡುವುದೂ ಅನುಮಾನ. ವಾಷರ್ ಎಂದರೆ ಕುಕ್ಕರಿನ ಮುಚ್ಚಳದೊಳಗೆ ಕೂರುವ ರಬ್ಬರ್ ಬಳೆ. ಸರಿಯಿದ್ದಷ್ಟು ದಿನ ಅದೊಂದು ಇದೆಯೆಂದೇ ಯಾರಿಗೂ ನೆನಪಿರುವುದಿಲ್ಲ. ಅದು ಕೈಕೊಟ್ಟ ದಿನ ಮನೆಮಂದಿಯೆಲ್ಲ ಒಲೆಯ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆ ಬಳೆಗಳನ್ನು ಮಾರುವುದೇ ಅತ್ತೆಯ ಕಸುಬು. ಬೀದಿಗೆ ಬಾಗಿಲಿರುವ ಒಂದು ಉದ್ದನೆಯ ಕೋಣೆ. ಗೋಡೆಯಲ್ಲಿ ಅರವತ್ತಮೂರು ಮೊಳೆ, ಮೊಳೆಗೊಂದು ಅಳತೆಯ ಬಳೆಗಳ ಗೊಂಚಲು. ಒಂದಕ್ಕೊಂದು ಅಂಟದಿರಲೆಂದು ಪೌಡರ್ ಸವರುತ್ತಾಳೆ, ಹಾಗಾಗಿ ಅವಳ ಕೈ ಮೊಣಕೈವರೆಗೂ ಸದಾ ಬೆಳ್ಳಗೆ. ಗಂಡ ಇದ್ದ ಕಾಲದಲ್ಲಿ ಇದೇ ಕೋಣೆಯ ಹಿಂಭಾಗದಲ್ಲಿ ಕೂತು ಅವನು ಕುಕ್ಕರ್, ಸ್ಟೌವು ರಿಪೇರಿ ಮಾಡುತ್ತಿದ್ದ. ಇವಳು ಮುಂದಿನ ಕೌಂಟರಿನಲ್ಲಿ ಕೂತು ಬಂದವರ ದೂರು ಕೇಳಿ ಚೀಟಿ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೆ ಕೂತವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು. ಹದಿನೇಳನೇ ನಂಬರಿನ ವಾಷರ್ ಕೊಡಿ ಎಂದು ಕೇಳಿದ ಗಿರಾಕಿ ಈ ಭೂಮಿಯ ಮೇಲೆ ಒಬ್ಬನೂ ಹುಟ್ಟಿಲ್ಲ. ಒಬ್ಬರು ಸೀಟಿ ಹೊಡೀತಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಪಕ್ಕದಿಂದ ಹಬೆ ಹೋಗ್ತಿದೆ ಎನ್ನುತ್ತಾರೆ. ಮತ್ತೊಬ್ಬರು ಮುಚ್ಚಳ ಲೊಡಲೊಡ ಅಂತಿದೆ, ಒಳಗೆ ಒಂದು ಕಪ್ಪು ಬಳೆ ಇತ್ತಲ್ಲ ಅದು ಜೋತು ಬಿದ್ದಿದೆ, ಅಮ್ಮನ ಕಾಲದ್ದು, ಕಂಪನಿ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿದೆ ಎನ್ನುತ್ತಾರೆ. ಅತ್ತೆ ಇದನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ, ಅವರ ಬಾಯಿಂದ ಬಂದ ಹಾಗೆಯೇ, ಬರೆದಿಟ್ಟುಕೊಂಡಿದ್ದಳು.

ಗಂಡ ಹೋದ ಮೇಲೆ ರಿಪೇರಿ ನಿಂತಿತು, ಬೀದಿಯ ಗಿರಾಕಿಗಳೂ ಕರಗಿದರು. ಆಗ ಅಣ್ಣನ ಮಗಳು, ಮಹಡಿಯ ಮೇಲೆ ಗಂಡ ಮಕ್ಕಳೊಂದಿಗೆ ಸಂಸಾರ ಹೂಡಿಕೊಂಡು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು, ಅತ್ತೆಗೆ ಆನ್‌ಲೈನ್ ಅಂಗಡಿ ತೆರೆದುಕೊಟ್ಟಳು. ಪ್ರತಿ ಬಳೆಗೂ ಒಂದೊಂದು ಪುಟ ಸಾಕು ಎಂದಿದ್ದಳು. ಅತ್ತೆ ಕೇಳಲಿಲ್ಲ. ಸೀಟಿ ಹೊಡೆಯುತ್ತಿಲ್ಲ ಎಂದು ಬಂದವರಿಗೆ ಒಂದು ಪುಟ, ಹಬೆ ಹೋಗುತ್ತಿದೆ ಎಂದವರಿಗೆ ಇನ್ನೊಂದು, ಲೊಡಲೊಡ ಎನ್ನುತ್ತಿದೆ ಎಂದವರಿಗೆ ಮತ್ತೊಂದು. ಹೆಚ್ಚು ಬೇಡಿಕೆಯ ಹದಿನೇಳನೇ ನಂಬರಿನ ಬಳೆಗೆ ಒಟ್ಟು ಹನ್ನೊಂದು ಪುಟ. ಕೌಂಟರಿನಲ್ಲಿ ಕೂತವಳ ಮರ್ಯಾದೆ ಅದು. ಬಂದವರು ಅವರ ಮಾತಿನಲ್ಲಿ ಕೇಳುತ್ತಾರೆ, ಅವರ ಮಾತಿನಲ್ಲೇ ಉತ್ತರ ಕೊಡಬೇಕು. ಆರು ವರ್ಷ ಅದು ನಡೆಯಿತು, ಸೊಗಸಾಗಿಯೇ ನಡೆಯಿತು. ಯಾರೋ ಎಲ್ಲೋ ಅಡುಗೆಮನೆಯಲ್ಲಿ ನಿಂತು, ಹಬೆಗೆ ಮಂಜಾದ ಫೋನಿನ ಮೇಲೆ ಮನಸ್ಸಿಗೆ ಬಂದದ್ದನ್ನು ಒತ್ತಿದರೆ, ಸರ್ಚ್ ಎಂಜಿನ್ ಮೊದಲ ಸಾಲಿನಲ್ಲೇ ಅತ್ತೆಯ ಅಂಗಡಿ ತೋರಿಸುತ್ತಿತ್ತು. ಅತ್ತೆ ಅದಕ್ಕೆ ಪ್ರೀತಿಯಿಂದ ಹುಡುಕಪ್ಪ ಎಂದು ಹೆಸರಿಟ್ಟಿದ್ದಳು. ಫೋನ್ ಮಾಡಿದ ಪ್ರತಿಯೊಬ್ಬರನ್ನೂ ಏನಂತ ಹುಡುಕಿದ್ರಿ ಎಂದು ಕೇಳಿ, ಉತ್ತರವನ್ನು ಪುಸ್ತಕಕ್ಕೆ ಸೇರಿಸುತ್ತಿದ್ದಳು.

ಒಂದು ಮಂಗಳವಾರ ಹುಡುಕಪ್ಪ ಮುಖ ತಿರುಗಿಸಿದ.

ಬೆಳಗ್ಗೆ ಹನ್ನೊಂದಾದರೂ ಫೋನ್ ಸದ್ದಿಲ್ಲ. ದಿನಕ್ಕೆ ನಲವತ್ತು ಆರ್ಡರ್ ಬರುವ ಅಂಗಡಿಗೆ ಅಂದು ಬಂದದ್ದು ಮೂರು. ಬುಧವಾರವೂ ಮೂರು. ಲೈನ್ ಕೆಟ್ಟಿರಬೇಕೆಂದು ಅತ್ತೆ ಕನ್ನಡಕದ ಅಂಗಡಿಯವನ ಫೋನಿನಿಂದ ತನ್ನ ಫೋನಿಗೆ ತಾನೇ ಕರೆ ಮಾಡಿ ನೋಡಿದಳು. ಫೋನ್ ಗಂಟಲು ಹರಿಯುವಂತೆ ಹೊಡೆದುಕೊಂಡಿತು. ಗುರುವಾರ ಅಣ್ಣನ ಮಗಳು ಶಾಲೆಯಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಕಂಪ್ಯೂಟರಿನ ಮುಂದೆ ಕೂತಳು. ಸರ್ಚ್ ಎಂಜಿನ್ ತನ್ನ ಅಲ್ಗಾರಿದಮ್ ಬದಲಿಸಿದೆ, ಅಂದರೆ ಯಾರನ್ನು ಮುಂದೆ ನಿಲ್ಲಿಸಬೇಕು ಯಾರನ್ನು ಹಿಂದೆ ತಳ್ಳಬೇಕು ಎನ್ನುವ ಲೆಕ್ಕಾಚಾರವನ್ನೇ ಬದಲಿಸಿದೆ ಎಂದು ಅವಳು ಹೇಳಿದಳು. ಮೊದಲ ಪುಟದ ಮೊದಲ ಸಾಲಿನಲ್ಲಿದ್ದ ಅತ್ತೆಯ ಅಂಗಡಿ ಆರನೇ ಪುಟದ ತಳದಲ್ಲಿ ಬಿದ್ದಿತ್ತು. ಆರನೇ ಪುಟದವರೆಗೆ ಯಾರು ಹೋಗುತ್ತಾರೆ? ಹಸಿದವರಂತೂ ಹೋಗುವುದಿಲ್ಲ.

ಮೊದಲ ಸಾಲಿನಲ್ಲಿ ಈಗ ಒಂದು ಭಾರಿ ಅಂಗಡಿ ಮೆರೆಯುತ್ತಿತ್ತು. ಬಟ್ಟೆಯಿಂದ ಬೈಸಿಕಲ್ಲಿನವರೆಗೆ ಎಲ್ಲ ಮಾರುವ ಅಂಗಡಿ. ಎಲ್ಲ ಕುಕ್ಕರಿಗೂ ಹೊಂದುವ ಒಂದೇ ವಾಷರ್ ಎಂದು ಅಲ್ಲಿ ದೊಡ್ಡದಾಗಿ ಬರೆದಿತ್ತು. ಅದನ್ನು ಓದಿ ಅತ್ತೆಯ ಮೈ ಉರಿಯಿತು. ಎಲ್ಲರ ಕಾಲಿಗೂ ಹೊಂದುವ ಒಂದೇ ಚಪ್ಪಲಿ ಎಂದಂತಾಯಿತು. ಅವಳು ಒಂದನ್ನು ತರಿಸಿಯೇ ಬಿಟ್ಟಳು. ಗಂಡನ ರಿಪೇರಿ ಕಾಲದಿಂದ ಉಳಿದಿದ್ದ ಅರವತ್ತಮೂರು ಮಾದರಿಯ ಮುಚ್ಚಳಗಳಿಗೆ ಹಾಕಿ ನೋಡಿದಳು. ನಾಲ್ಕಕ್ಕೆ ಕೂತಿತು. ಉಳಿದವುಗಳಲ್ಲಿ ಒಂದೋ ಬಿಗಿದು ಮುಚ್ಚಳ ತಿರುಗಲೊಲ್ಲದು, ಇಲ್ಲವೇ ಸಡಿಲವಾಗಿ ಬೆರಳು ತೂರುವಷ್ಟು ಸಂದಿ. ಆ ಸಂದಿಯಿಂದ ಹಬೆ ಚಿಮ್ಮಿದರೆ ಎದುರಿಗೆ ನಿಂತವರ ಮುಖದ ಗತಿಯೇನು? ಆ ವಾಷರನ್ನು ಅವಳು ಬಾಗಿಲ ಹಿಂದಿನ ಮೊಳೆಗೆ, ಕಸಬರಿಗೆಯ ಪಕ್ಕದಲ್ಲಿ, ಒಂಟಿಯಾಗಿ ನೇತುಹಾಕಿದಳು.

ಎರಡನೇ ವಾರ ಮನೆಯವರೆಲ್ಲರ ಒತ್ತಾಯಕ್ಕೆ ಒಬ್ಬ ತಜ್ಞನನ್ನು ಕರೆಸಿದ್ದಾಯಿತು. ಬಿದ್ದ ಅಂಗಡಿಗಳನ್ನು ಮೇಲೆತ್ತುವುದೇ ಅವನ ಕೆಲಸವಂತೆ. ಇಸ್ತ್ರಿ ಮುರಿಯದ ಪ್ಯಾಂಟು ತೊಟ್ಟು ಬಂದಿದ್ದ. ಪೌಡರ್ ಉದುರಿದ ಸ್ಟೂಲನ್ನು ನೋಡಿ ಕೂರಲೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ನಿಂತೇ ಮಾತಾಡಿದ. ಅಂಗಡಿಯಲ್ಲಿರುವ ಐನೂರ ಹದಿನಾಲ್ಕು ಪುಟಗಳಲ್ಲಿ ಸುಮಾರು ನಾನೂರೈವತ್ತನ್ನು ಅಳಿಸಬೇಕು. ಉಳಿದ ಪುಟಗಳಿಗೆ ಉದ್ದುದ್ದ ಲೇಖನ ಸೇರಿಸಬೇಕು, ಅದನ್ನು ಯಂತ್ರವೇ ಒಂದು ಮಧ್ಯಾಹ್ನದಲ್ಲಿ ಬರೆದು ಕೊಡುತ್ತದೆ. ಕೊಳ್ಳದವರ ಹೆಸರಿನಲ್ಲಿ ನಾಲ್ಕು ಒಳ್ಳೆಯ ಮಾತನ್ನೂ ಬರೆಸಬಹುದು, ಎಲ್ಲರೂ ಬರೆಸುತ್ತಾರೆ. ಇದ್ಯಾವುದೂ ಆಗದಿದ್ದರೆ ಬಳೆಗಳನ್ನು ಆ ಭಾರಿ ಅಂಗಡಿಯ ಮೂಲಕ ಮಾರಿ, ಅವರ ಡಬ್ಬಿಯಲ್ಲಿ, ಅವರ ಹೆಸರಿನಲ್ಲಿ. ನಮೂನೆಗೆಂದು ಹದಿನೇಳನೇ ಬಳೆಯ ಲೇಖನವನ್ನು ಮುದ್ರಿಸಿಯೇ ತಂದಿದ್ದ. ಅತ್ತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. ಆಧುನಿಕ ಜೀವನಶೈಲಿಯಲ್ಲಿ ರಬ್ಬರ್ ಉಂಗುರದ ಪಾತ್ರ ಅತ್ಯಂತ ಮಹತ್ವಪೂರ್ಣವಾದದ್ದು ಎಂದು ಶುರುವಾದದ್ದು ನಾಲ್ಕು ಪುಟ ಹೋಗಿತ್ತು. ಓದಿ ಮುಗಿಸಿ ಹಾಳೆಗಳನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದ್ರಲ್ಲಿ ಅಳತೆ ಎಲ್ಲಿದೆಯಪ್ಪ?" ಎಂದು ಕೇಳಿದಳು.

ಅಳತೆ ಇರಲಿಲ್ಲ. ತಜ್ಞ ತಲೆ ಕೆರೆದುಕೊಂಡ. ಜನರಿಗಾಗಿ ಅಲ್ಲಮ್ಮ, ಇದು ಯಂತ್ರಕ್ಕಾಗಿ ಎಂದ. ನಿಮ್ಮ ಈಗಿನ ಪುಟಗಳನ್ನು ಯಂತ್ರ ಮೋಸ ಎಂದು ಗುರುತು ಮಾಡಿದೆ, ಒಂದೇ ಸರಕನ್ನು ನಕಲು ಮಾಡಿ ಮಾಡಿ ಜಾಗ ಹಿಡಿಯುವವರ ಪಟ್ಟಿಗೆ ಸೇರಿಸಿದೆ ಎಂದೂ ಹೇಳಿದ. ಅಷ್ಟು ಹೇಳಿದ್ದೇ ತಡ ಅತ್ತೆಯ ಮುಖ ಕೆಂಪಾಯಿತು. ಗಿರಾಕಿ ಹೋದ ಮೇಲೂ ಮರೆತುಬಿಟ್ಟ ಚಿಲ್ಲರೆ ಹಿಡಿದು ಬೀದಿಯ ಕೊನೆಯವರೆಗೆ ಓಡಿದವಳು ಅವಳು. ತೆಳುವಾದ ಬಳೆಗೆ ಇದು ತೆಳು, ಒಂದೇ ವರ್ಷ ಬರುತ್ತೆ ಎಂದು ಬರೆದು ಮಾರಿದವಳು. ಅವಳನ್ನು ಇದುವರೆಗೆ ಮೋಸಗಾತಿ ಎಂದವರಿರಲಿಲ್ಲ. ಈಗ ಕಣ್ಣು ಮೂಗು ಇಲ್ಲದ ಒಂದು ಲೆಕ್ಕಾಚಾರ ಅಂದಿದೆ, ಅದಕ್ಕೆ ಎದುರು ಮಾತಾಡೋಣವೆಂದರೆ ಅದು ಕೂರುವ ಕುರ್ಚಿಯೂ ಎಲ್ಲಿದೆಯೋ ಗೊತ್ತಿಲ್ಲ. ಅತ್ತೆ ತಜ್ಞನಿಗೆ ಕಾಫಿ ಕೊಟ್ಟು, ಹಾಳೆಗಳನ್ನು ಜೋಡಿಸಿ ಅವನ ಕೈಗೇ ಹಿಂತಿರುಗಿಸಿ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಆಮೇಲೆ ಒಳಗೆ ಬಂದು ಕೂತು ಅತ್ತಳು. ಸಿಟ್ಟಿಗೆ ಅತ್ತದ್ದು, ದುಃಖಕ್ಕಲ್ಲ. ಅಣ್ಣನ ಮಗಳು ಪಕ್ಕದಲ್ಲಿ ಬಂದು ಕೂತಳು.

"ಆ ಯಂತ್ರಕ್ಕೆ ಕಾಣೋದು ಅಷ್ಟೇ ಅತ್ತೆ," ಎಂದಳು. "ಒಂದೇ ಬಳೆ, ಒಂದೇ ಫೋಟೊ, ಹನ್ನೊಂದು ಸಲ. ಒಬ್ಬನೇ ಹನ್ನೊಂದು ಅಂಗಿ ಬದಲಾಯಿಸಿಕೊಂಡು ಕ್ಯೂನಲ್ಲಿ ನಿಂತಿದಾನೆ ಅಂದ್ಕೊಳ್ಳುತ್ತೆ."

"ಕೇಳಿದವರು ಹನ್ನೊಂದು ಜನ ಕಣೇ. ನಾನು ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಇದ್ರಲ್ಲಿ ಮೋಸ ಎಲ್ಲಿ ಬಂತು?"

ಅತ್ತೆ ಹಠಮಾರಿಯೇ ಹೊರತು ದಡ್ಡಿಯಲ್ಲ. ಎರಡು ದಿನ ಬಳೆಗಳಿಗೆ ಪೌಡರ್ ಸವರುತ್ತ ಯೋಚಿಸಿದಳು. ಒಂದು ಬಳೆಗೆ ಹನ್ನೊಂದು ಬಾಗಿಲು ಬೇಕಿಲ್ಲ, ಒಂದೇ ಬಾಗಿಲಲ್ಲಿ ಹನ್ನೊಂದು ಜನ ನಿಲ್ಲಬಹುದು ಎಂದು ಅವಳಿಗೇ ಹೊಳೆಯಿತು. ಹನ್ನೆರಡು ದಿನ ಕೂತು ಐನೂರ ಹದಿನಾಲ್ಕು ಪುಟಗಳನ್ನು ಅರವತ್ತಮೂರಕ್ಕೆ ಇಳಿಸಿದಳು. ಒಂದು ಮಾತನ್ನೂ ಬಿಸಾಡಲಿಲ್ಲ. ಸೀಟಿಯವರು, ಹಬೆಯವರು, ಲೊಡಲೊಡದವರು, ಎಲ್ಲರೂ ಒಂದೇ ಪುಟದಲ್ಲಿ ಮೇಲಿಂದ ಕೆಳಗೆ ಬಂದು ಕೂತರು. ಪ್ರತಿ ಪುಟದ ತುದಿಗೆ ಅಳತೆಪಟ್ಟಿ ಇಟ್ಟ ಫೋಟೊ. ಅದರ ಕೆಳಗೆ, ನಿಮ್ಮ ಮುಚ್ಚಳದ ಅಳತೆ ಇದಲ್ಲವಾದರೆ ದಯವಿಟ್ಟು ಕೊಳ್ಳಬೇಡಿ ಎಂಬ ಒಂದು ಸಾಲು. ಯಂತ್ರ ಬರೆದ ಮಹತ್ವಪೂರ್ಣ ಪಾತ್ರಕ್ಕೆ ಅವಳು ಸೊಪ್ಪು ಹಾಕಲಿಲ್ಲ.

ಅಂಗಡಿ ಆರನೇ ಪುಟದಿಂದ ನಾಲ್ಕಕ್ಕೆ ಏರಿ ಅಲ್ಲೇ ಕೂತಿತು. ಇನ್ನೂ ಮೇಲೆ ಹೋಗಬೇಕಾದರೆ ಹುಡುಕಪ್ಪ ಮತ್ತೊಮ್ಮೆ ಲೆಕ್ಕ ಬದಲಿಸುವವರೆಗೆ ಕಾಯಬೇಕು, ಅದು ಮೂರು ತಿಂಗಳೋ ಆರು ತಿಂಗಳೋ ಎಂದು ಅಣ್ಣನ ಮಗಳು ಹೇಳಿದಳು. ಅತ್ತೆ ಕಾಯುತ್ತಿದ್ದಳೇನೋ. ಆದರೆ ಮಾರನೆಯ ದಿನವೇ ಅಚ್ಚಿನವರ ಫೋನ್ ಬಂತು.

ಊರಾಚೆಯ ಶೆಡ್ಡಿನಲ್ಲಿ ರಬ್ಬರ್ ಎರಕ ಹೊಯ್ಯುವ ಮುದುಕರು ಅವರು. ಅತ್ತೆಯ ಅರವತ್ತಮೂರು ಬಳೆಗಳ ಉಕ್ಕಿನ ಅಚ್ಚುಗಳು ಇದ್ದದ್ದು ಅವರಲ್ಲಿ ಮಾತ್ರ. ಅದರಲ್ಲಿ ಅರ್ಧಕ್ಕರ್ಧ ಕುಕ್ಕರುಗಳನ್ನು ಮಾಡಿದ ಕಂಪನಿಗಳೇ ಈಗಿಲ್ಲ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿಗೆ ದೊಡ್ಡ ಆರ್ಡರ್ ಬಂದಿದೆ, ಕಪಾಟು ಖಾಲಿ ಮಾಡಬೇಕು, ಎರಡು ತಿಂಗಳಿಂದ ನೀವೂ ಏನೂ ಮಾಡಿಸಿಲ್ಲ ಎಂದರು. ಒಂದನೇ ತಾರೀಕು ಗುಜರಿಯವನ ಗಾಡಿ ಬರುತ್ತದೆ, ಅಚ್ಚುಗಳನ್ನು ತೂಕಕ್ಕೆ ಹಾಕುತ್ತೇನೆ ಎಂದರು. ಗೋಡೆಯ ಮೇಲಿನ ಗೊಂಚಲುಗಳು ಮುಗಿದರೆ ಮುಗಿಯಿತು. ಹಬೆ ಹೋಗುವ ಕುಕ್ಕರುಗಳೆಲ್ಲ, ಅಮ್ಮಂದಿರು ಕೊಟ್ಟದ್ದು, ಮದುವೆಗೆ ಬಂದದ್ದು, ಇನ್ನೂ ಮೂವತ್ತು ವರ್ಷ ಬಾಳುವ ಗಟ್ಟಿ ಪಾತ್ರೆಗಳು, ಒಂದು ಬಳೆ ಇಲ್ಲದೆ ಕಸಕ್ಕೆ ಹೋಗುತ್ತವೆ. ಒಂದನೇ ತಾರೀಕಿಗೆ ಒಂಬತ್ತು ದಿನ ಉಳಿದಿತ್ತು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಅತ್ತೆ ಶೆಡ್ಡಿಗೆ ಹೋದಳು. ಚೀಲದಲ್ಲಿ ಒಂದು ಹದಿನೇಳನೇ ಬಳೆ. ಯಾಕೆ ತಂದಳೋ ಅವಳಿಗೂ ಗೊತ್ತಿರಲಿಲ್ಲ. ಕೈ ಖಾಲಿ ಇದ್ದರೆ ಅವಳಿಗೆ ಜಗಳ ಆಡಲು ಬರುವುದಿಲ್ಲ, ಅಷ್ಟೇ. ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಅಚ್ಚುಗಳು ಆಗಲೇ ಕಪಾಟಿನಿಂದ ಇಳಿದು ಬಾಗಿಲ ಬಳಿ ನೆಲದ ಮೇಲೆ ಸಾಲಾಗಿ ಕೂತಿದ್ದವು. ಅಚ್ಚಿನವರು ಒಳ್ಳೆಯವರೇ. ನಲವತ್ತು ವರ್ಷದ ಹಿಂದೆ ಅವನ್ನು ಕೈಯಾರೆ ಕೊರೆದವರೂ ಅವರೇ. ಆದರೆ ದುಡಿಯದ ಅಚ್ಚಿಗೆ ಜಾಗ ಕೊಡಲು ತಮ್ಮಿಂದಾಗದು ಎಂದು ಪಟ್ಟು ಹಿಡಿದರು. ನಿಮ್ಮನ್ನು ಯಾರೂ ಹುಡುಕುತ್ತಿಲ್ಲವಂತಲ್ಲ ಎಂದೂ ಅಂದುಬಿಟ್ಟರು. ಮಾತು ಜಾರಿತು ಎಂದು ಅವರಿಗೇ ಅನಿಸಿ ತಲೆ ತಗ್ಗಿಸಿದರು.

ಅತ್ತೆ ಸಿಟ್ಟನ್ನು ನುಂಗಿಕೊಳ್ಳುತ್ತ ಚೀಲದಿಂದ ತೆಗೆದ ಬಳೆಯನ್ನು ತಿರುಗಿಸುತ್ತಿದ್ದಳು. ಹೆಬ್ಬೆರಳಿಗೆ ಏನೋ ತಡೆಯಿತು. ಬಳೆಯ ಹೊರಬದಿಯಲ್ಲಿ, ಮುಚ್ಚಳಕ್ಕೆ ತಾಗದ ಜಾಗದಲ್ಲಿ, ಸಣ್ಣಗೆ ಉಬ್ಬಿಕೊಂಡ ಹದಿನೇಳು. ಅಚ್ಚಿನ ನಂಬರು. ಇಪ್ಪತ್ತೆಂಟು ವರ್ಷದಿಂದ ದಿನಾ ಅದೇ ಬೆರಳು ಅದರ ಮೇಲೆ ಹೋಗಿದೆ, ಒಂದು ದಿನವೂ ಅವಳು ಅದನ್ನು ಯೋಚಿಸಿರಲಿಲ್ಲ.

"ಇದು ಬಳೆ ಮೇಲೆ ಹೇಗೆ ಬರುತ್ತೆ ಅಣ್ಣ?"

"ಅಚ್ಚಲ್ಲಿ ತಿರುಗುಮುರುಗಾಗಿ ಕೊರೆದಿದೀನಲ್ಲಮ್ಮ. ಹೊಯ್ದಾಗ ನೆಟ್ಟಗೆ ಮೂಡುತ್ತೆ."

"ಪಕ್ಕದಲ್ಲಿ ಇನ್ನೂ ಜಾಗ ಇದೆ. ನನ್ನ ಫೋನ್ ನಂಬರ್ ಹಿಡಿಯುತ್ತಾ?"

ಅಚ್ಚಿನವರು ಬಳೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಹಿಡಿಯುತ್ತದೆ ಎಂದರು. ಆದರೆ ಅರವತ್ತಮೂರು ಅಚ್ಚು ಕೊರೆಯಲು ಒಂದು ತಿಂಗಳು ಬೇಕು, ಯಾಕೆ ಈ ಹುಚ್ಚು ಎಂದರು. ಆಗ ಅತ್ತೆ, ಅಷ್ಟು ದಿನ ಒಳಗೇ ಕುದಿಯುತ್ತಿದ್ದವಳು, ಅಚ್ಚುಗಳ ಸಾಲಿನ ಎದುರಿಗೆ ನೆಲದ ಮೇಲೇ ಕೂತುಬಿಟ್ಟಳು.

"ಎರಡು ವರ್ಷಕ್ಕೊಮ್ಮೆ ಬಳೆ ಹರಿದೇ ಹರಿಯುತ್ತೆ ಅಣ್ಣ. ಹರಿದ ದಿನ ಅವರು ಮೊದಲು ಕೈಗೆ ತಗೊಳ್ಳೋದು ಫೋನಲ್ಲ, ಬಳೆ. ಅದರ ಮೇಲೆ ನಾನಿರ್ತೀನಿ. ಆ ಯಂತ್ರ ನನ್ನನ್ನ ಎಷ್ಟನೇ ಪುಟಕ್ಕೆ ಬೇಕಾದ್ರೂ ತಳ್ಳಲಿ, ಅವರ ಮುಚ್ಚಳದಿಂದ ತಳ್ಳೋಕಾಗಲ್ಲ. ಪ್ರತಿ ಅಚ್ಚಿಂದ ನೂರು ಬಳೆ ಮಾಡ್ಕೊಡಿ."

"ದಿನಕ್ಕೆ ಹತ್ತು ಹೋಗದ ಅಂಗಡಿಗೆ ಆರು ಸಾವಿರದ ಮುನ್ನೂರು ಬಳೇನಾ?" ಎಂದರು ಅಚ್ಚಿನವರು. "ಅವು ಹರಿಯೋಕೆ ಎರಡು ವರ್ಷ ಬೇಕು ಅಂತ ನೀವೇ ಹೇಳ್ತೀರಿ."

"ಎರಡು ವರ್ಷ ನಾನು ಎಲ್ಲಿಗೂ ಹೋಗಲ್ಲ. ನೀವೂ ಹೋಗಬೇಡಿ."

ಅಚ್ಚಿನವರು ಆಗ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು, ಸುಟ್ಟ ರಬ್ಬರಿನ ಹೊಗೆ ಎಂದರು. ತಜ್ಞನಿಗೆಂದು ಎತ್ತಿಟ್ಟಿದ್ದ ಹಣ ಮುಂಗಡವಾಗಿ ಅವರ ಕೈ ಸೇರಿತು. ಗುಜರಿಯವನಿಗೆ ಅಲ್ಲಿಂದಲೇ ಫೋನ್ ಹೋಯಿತು.

ಕೊರೆಯುವ ಆ ತಿಂಗಳು ಅತ್ತೆ ವಾರಕ್ಕೆರಡು ಸಲ ಬಸ್ಸು ಹತ್ತಿದಳು. ಅಚ್ಚಿನವರ ಕೈ ಈಗೀಗ ನಡುಗುತ್ತದೆ. ಒಂದು ಅಂಕಿ ತಪ್ಪಿದರೂ ಗಿರಾಕಿಗಳೆಲ್ಲ ಯಾರೋ ಗೊತ್ತಿಲ್ಲದವರಿಗೆ ಫೋನ್ ಮಾಡಿ ಹಬೆ ಹೋಗ್ತಿದೆ ಎಂದು ಗೋಳು ಹೇಳಿಕೊಳ್ಳುತ್ತಾರೆ. ಹಾಗಾಗಿ ಅತ್ತೆ ತನ್ನ ಚೀಲದ ಪುಟ್ಟ ಕನ್ನಡಿಯನ್ನು ಒಂದೊಂದು ಅಚ್ಚಿಗೂ ಹಿಡಿದು, ತಿರುಗುಮುರುಗಾದ ಅಂಕಿಗಳನ್ನು ನೆಟ್ಟಗೆ ಮಾಡಿಕೊಂಡು, ಗಟ್ಟಿಯಾಗಿ ಓದಿ ಒಪ್ಪಿಸಿದಳು. ನಲವತ್ತೊಂದನೇ ಅಚ್ಚಿನಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು. ಅಚ್ಚಿನವರು ತಲೆ ಚಚ್ಚಿಕೊಂಡು, ಬೆಸುಗೆ ಹಾಕಿ ತುಂಬಿ, ಉಜ್ಜಿ, ಮತ್ತೆ ಕೊರೆದರು. ಮನೆಯಲ್ಲಿ ಮಾತ್ರ ಅಣ್ಣನ ಮಗಳು ಅತ್ತೆಗೆ ತಲೆ ಕೆಟ್ಟಿದೆಯೋ ಏನೋ ಎಂದು ಗಂಡನ ಹತ್ತಿರ ಪಿಸುಗುಟ್ಟಿದ್ದಳು. ಅದು ಅತ್ತೆಯ ಕಿವಿಗೂ ಬಿತ್ತು. ಕೆಟ್ಟಿದ್ರೆ ಕೆಟ್ಟಿದೆ, ನಿನ್ನ ಹುಡುಕಪ್ಪನ ಹಾಗೆ ತಿಂಗಳಿಗೊಂದು ಸಲ ಬದಲಾಗಲ್ಲ ಎಂದಳು.

ಬಳೆಗಳು ಬಂದವು. ಅತ್ತೆ ಹಳೆಯ ಗೊಂಚಲುಗಳನ್ನು ಹಿಂದಕ್ಕೆ ಸರಿಸಿ ಹೊಸವನ್ನು ಮುಂದೆ ನೇತುಹಾಕಿದಳು. ಆ ಮಳಿಗೆಯೊಳಗೆ ನಿಂತರೆ ಅರವತ್ತಮೂರು ಮೊಳೆಯಿಂದಲೂ ಅವಳ ನಂಬರೇ ನೋಡುತ್ತಿತ್ತು. ದಿನಕ್ಕೆ ಹತ್ತು, ಹದಿನೈದು, ಕೆಲವು ದಿನ ಎಂಟು ಆರ್ಡರ್. ಅಷ್ಟನ್ನೇ ಕಟ್ಟಿ ಕಳಿಸಿದಳು, ನೊಣ ಹೊಡೆಯುತ್ತ ಕೂರಲಿಲ್ಲ. ನಡುವೆ ಹುಡುಕಪ್ಪ ಇನ್ನೊಮ್ಮೆ ಲೆಕ್ಕ ಬದಲಿಸಿದ. ಅಂಗಡಿ ಎರಡನೇ ಪುಟಕ್ಕೆ ಬಂದಿದೆ ಎಂದು ಅಣ್ಣನ ಮಗಳು ಮೆಟ್ಟಿಲಿಳಿದು ಓಡಿ ಬಂದು ಹೇಳಿದಾಗ ಅತ್ತೆ ಹೌದಾ ಎಂದು, ಕೈಯಲ್ಲಿದ್ದ ಕವರಿಗೆ ಅಂಟು ಹಚ್ಚುವುದನ್ನು ಮುಂದುವರಿಸಿದಳು.

ಐದು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಫೋನ್ ಬಂತು, ಹೆಂಗಸಿನ ದನಿ. ಕುಕ್ಕರ್ ಪಕ್ಕದಿಂದ ಹಬೆ ಹೋಗುತ್ತಿದೆ ಎಂದಳು. ತನ್ನ ಅಕ್ಕನ ಮನೆಯ ಕುಕ್ಕರೂ ತನ್ನದೂ ಒಂದೇ ಥರದ್ದು, ಅಕ್ಕ ಹೊಸ ಬಳೆ ಹಾಕಿಸಿಕೊಂಡಿದ್ದಾಳೆ, ತನಗೂ ಅಂಥದ್ದೇ ಬೇಕು ಎಂದಳು. ಅತ್ತೆ ವಿಳಾಸ ಬರೆದುಕೊಂಡಳು. ಆಮೇಲೆ ಅಭ್ಯಾಸ ಬಲದಿಂದ ದಪ್ಪ ಪುಸ್ತಕ ಎಳೆದುಕೊಂಡು, ನಮ್ಮನ್ನ ಏನಂತ ಹುಡುಕಿದ್ರಿ ಎಂದು ಕೇಳಿದಳು.

"ಹುಡುಕೋದೇನಮ್ಮ," ಎಂದಳು ಅವಳು. "ಅಕ್ಕನ ಮುಚ್ಚಳ ಕೈಯಲ್ಲೇ ಇದೆ. ಬಳೆ ಮೇಲೆ ಹದಿನೇಳು ಅಂತಿದೆ, ಪಕ್ಕದಲ್ಲೇ ನಿಮ್ಮ ನಂಬರ್, ಓದ್ಕೊಂಡು ಒತ್ತಿದೆ."

ಅತ್ತೆ ಫೋನನ್ನು ಕೌಂಟರಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು. ಆ ಕಡೆಯವಳು ಹಲೋ ಹಲೋ ಎಂದಳು. ಇದೀನಿ ತಾಯಿ, ಇಲ್ಲೇ ಇದೀನಿ ಎಂದು ಹೇಳಿ, ಪುಸ್ತಕದಲ್ಲಿ ಏನೆಂದು ಹುಡುಕಿದರು ಎಂಬ ಜಾಗದಲ್ಲಿ "ಹುಡುಕಲಿಲ್ಲ" ಎಂದು ಬರೆದು, ಎದ್ದು ಹದಿನೇಳನೇ ಮೊಳೆಗೆ ಕೈ ಹಾಕಿದಳು.